ಶಾಲೆಯ ಅರ್ಜಿಯಲ್ಲೊಂದು ಖಾಲಿ ಸಾಲು

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಹೊಸ ಪುಸ್ತಕಗಳ ವಾಸನೆ ಹರಡುತ್ತದೆ. ಶಾಲಾ ಕಚೇರಿಯ ಕಿಟಕಿಯ ಮುಂದೆ ಪೋಷಕರ ಸಾಲು ಬೆಳೆಯುತ್ತದೆ. ಪ್ರವೇಶದ ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಮಾತೃಭಾಷೆ, ತಂದೆಯ ಹೆಸರು ಇವನ್ನೆಲ್ಲ ತುಂಬಿದ ಬಳಿಕ ಒಂದು ಸಣ್ಣ ಸಾಲು ಬರುತ್ತದೆ: ತಂದೆಯ ಉದ್ಯೋಗ. ನಮ್ಮಲ್ಲಿ ಬಹುಪಾಲು ಜನ ಆ ಸಾಲಿನ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಕೃಷಿ, ಕೂಲಿ, ಚಾಲಕ, ಶಿಕ್ಷಕ ಎಂದು ಬರೆದು ಮುಂದೆ ಹೋಗುತ್ತೇವೆ.

ಹಲವು ವರ್ಷಗಳ ಹಿಂದೆ ನಾನು ಒಂದು ಶಾಲೆಯ ಸಂಚಾಲಕನಾಗಿದ್ದೆ. ಒಂಬತ್ತನೆಯ ತರಗತಿಗೆ ಸೇರಲು ಬಂದ ಹುಡುಗನೊಬ್ಬ ಅಂದವಾದ ಅಕ್ಷರಗಳಲ್ಲಿ ಅರ್ಜಿಯನ್ನೆಲ್ಲ ತುಂಬಿ ಆ ಒಂದು ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದ. ಗುಮಾಸ್ತರು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಇದನ್ನೇಕೆ ಬರೆದಿಲ್ಲ?" ಎಂದು ಪ್ರಶ್ನಿಸಿದರು. "ಅಪ್ಪ ಊರಲ್ಲಿಲ್ಲ ಸಾರ್" ಎಂದು ಅವನು ತಲೆ ತಗ್ಗಿಸಿದ. ಅವನ ತಂದೆ ಜೈಲಿನಲ್ಲಿದ್ದಾರೆಂಬುದು ನನಗೆ ತಿಳಿಯುವಷ್ಟರಲ್ಲಿ ದಸರಾ ರಜೆ ಮುಗಿದಿತ್ತು. ಹುಡುಗ ರಜೆಯ ನಂತರ ಶಾಲೆಗೆ ಮರಳಲಿಲ್ಲ. ಹಾಜರಿ ಪುಸ್ತಕದಿಂದ ಅವನ ಹೆಸರನ್ನು ತೆಗೆಯುವ ಕಾಗದಕ್ಕೆ ಸಹಿ ಹಾಕಿದವನು ನಾನೇ. ಅವನ ಮನೆಯವರೆಗೆ ಒಮ್ಮೆ ನಡೆದುಹೋಗಬಹುದಾಗಿತ್ತು. ನಾನು ಹೋಗಲಿಲ್ಲ.

ಆ ಖಾಲಿ ಸಾಲು ಇಂದಿಗೂ ನನ್ನನ್ನು ಕಾಡುತ್ತದೆ. ಸೆರೆಮನೆಗಳ ಚರಿತ್ರೆಯಲ್ಲಿ ಕೈದಿಗಳಿದ್ದಾರೆ, ನ್ಯಾಯಾಧೀಶರಿದ್ದಾರೆ, ಸುಧಾರಕರಿದ್ದಾರೆ. ಕೈದಿಯ ಮಕ್ಕಳು ಮಾತ್ರ ಅಲ್ಲಿ ತೀರ ವಿರಳ. ಆದರೂ ಕೆಲವರು ಬೆಳೆದು ದೊಡ್ಡವರಾದ ಮೇಲೆ ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಇನ್ನು ಕೆಲವರ ಬಾಲ್ಯ ದೇಶದ ಇತಿಹಾಸದಲ್ಲೇ ದಾಖಲಾಗಿದೆ. ಅಂಥ ಮೂರು ಮನೆಗಳ ಮಕ್ಕಳ ಬಳಿಗೆ ಇಂದು ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ.

ಕರಿಮಸಿಯ ಕಾರ್ಖಾನೆಯಲ್ಲಿ ಒಬ್ಬ ಬಾಲಕ

ಮೊದಲನೆಯ ಮನೆ ಲಂಡನ್ ನಗರದಲ್ಲಿದೆ. ಜಾನ್ ಡಿಕನ್ಸ್ ಎಂಬಾತ ಬ್ರಿಟಿಷ್ ನೌಕಾದಳದ ವೇತನ ಕಚೇರಿಯಲ್ಲಿ ಗುಮಾಸ್ತ. ಸಂಬಳ ಕಡಿಮೆಯೇನಲ್ಲ, ಆದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. 1812ರಲ್ಲಿ ಹುಟ್ಟಿದ ಮಗ ಚಾರ್ಲ್ಸ್ ಓದಿನಲ್ಲಿ ಬಲು ಚುರುಕು. ಚ್ಯಾಥಮ್ ಪಟ್ಟಣದಲ್ಲಿದ್ದಾಗ ಅವನ ಜಾಣ್ಮೆಯನ್ನು ಗುರುತಿಸಿ ಬೆನ್ನು ತಟ್ಟಿದ ಉಪಾಧ್ಯಾಯರೊಬ್ಬರಿದ್ದರು. ಕುಟುಂಬ ಲಂಡನ್ನಿಗೆ ಬಂದ ಮೇಲೆ ಆ ಭಾಗ್ಯವೂ ತಪ್ಪಿತು. ಸಾಲ ಬೆಳೆಯುತ್ತಿದ್ದಂತೆ ಹುಡುಗನ ಶಾಲೆಯನ್ನು ಎಲ್ಲರೂ ಮರೆತರು. ತಂದೆಯ ಬೂಟುಗಳನ್ನು ಉಜ್ಜುವುದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಮನೆಯ ಪುಸ್ತಕಗಳನ್ನು ಒಂದೊಂದಾಗಿ ಹಳೆಯ ಪುಸ್ತಕದಂಗಡಿಗೆ ಮಾರಿ ಬರುವುದು, ಇವು ಅವನ ದಿನಚರಿಯಾದವು. ತಾಯಿ ತಾನೇ ಒಂದು ಶಾಲೆ ತೆರೆಯಲು ಹೊರಟು ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದಳು. ಒಬ್ಬ ವಿದ್ಯಾರ್ಥಿಯೂ ಬರಲಿಲ್ಲ.

1824ರ ಫೆಬ್ರವರಿಯಲ್ಲಿ, ಹನ್ನೆರಡು ತುಂಬಿದ ಎರಡೇ ದಿನಗಳಲ್ಲಿ, ಚಾರ್ಲ್ಸ್ ಕೆಲಸಕ್ಕೆ ಸೇರಿದ. ಥೇಮ್ಸ್ ನದಿಯ ದಡದಲ್ಲಿದ್ದ, ಇಲಿಗಳು ತುಂಬಿದ ಒಂದು ಹಳೆಯ ಕಟ್ಟಡದಲ್ಲಿ ಬೂಟುಗಳಿಗೆ ಹಚ್ಚುವ ಕರಿಮಸಿಯನ್ನು ತಯಾರಿಸುತ್ತಿದ್ದರು. ಮಸಿಯ ಕುಡಿಕೆಗಳ ಬಾಯಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಚೀಟಿ ಅಂಟಿಸುವುದು ಅವನ ಕೆಲಸ. ಕೂಲಿ ವಾರಕ್ಕೆ 6 ಶಿಲಿಂಗ್. ಕೆಲವೇ ದಿನಗಳಲ್ಲಿ, ರೊಟ್ಟಿ ಅಂಗಡಿಯವನಿಗೆ ಕೊಡಬೇಕಾಗಿದ್ದ 40 ಪೌಂಡು ಚಿಲ್ಲರೆ ಸಾಲಕ್ಕಾಗಿ ತಂದೆಯ ಬಂಧನವಾಯಿತು. ಆತನನ್ನು ಮಾರ್ಶಲ್ಸೀ ಎಂಬ ಸಾಲಗಾರರ ಸೆರೆಮನೆಗೆ ಹಾಕಿದರು.

ಆ ಕಾಲದ ಇಂಗ್ಲೆಂಡಿನಲ್ಲಿ ಸಾಲ ತೀರಿಸಲಾಗದವನನ್ನು ಸೆರೆಯಲ್ಲಿಡುತ್ತಿದ್ದರು. ಅವನ ಹೆಂಡತಿ ಮಕ್ಕಳು ಬೇಕಾದರೆ ಅವನೊಡನೆ ಒಳಗೇ ವಾಸಿಸಬಹುದಾಗಿತ್ತು. ಮನೆಯ ಸಾಮಾನುಗಳೆಲ್ಲ ಅಡವಿನಂಗಡಿ ಸೇರಿದ ಮೇಲೆ ತಾಯಿಯೂ ಕಿರಿಯ ಮಕ್ಕಳೂ ಮಾರ್ಶಲ್ಸೀ ಸೇರಿದರು. ಅಕ್ಕ ಫ್ಯಾನಿ ಸಂಗೀತ ಶಾಲೆಯ ವಸತಿಯಲ್ಲಿ ಉಳಿದಳು. ಚಾರ್ಲ್ಸ್ ಬೇರೆಯವರ ಮನೆಯಲ್ಲಿ ಒಂಟಿಯಾದ. ಭಾನುವಾರಗಳಂದು ಅಕ್ಕತಮ್ಮ ಇಬ್ಬರೂ ಸೆರೆಮನೆಗೆ ಹೋಗಿ ಮನೆಯವರೊಡನೆ ದಿನ ಕಳೆದು ಸಂಜೆ ಹಿಂದಿರುಗುತ್ತಿದ್ದರು. ಮುಂದೆ ಹುಡುಗನ ಅಳಲನ್ನು ಕೇಳಿ, ಅವನಿಗೆ ಸೆರೆಮನೆಯ ಸಮೀಪದಲ್ಲೇ ಒಂದು ಕೋಣೆ ಹುಡುಕಿಕೊಟ್ಟರು. ಬೆಳಗಿನ ತಿಂಡಿಗೆ ಅವನು ಸೆರೆಮನೆಗೆ ಹೋಗಿ, ಅಲ್ಲಿಂದ ನೇರವಾಗಿ ಕಾರ್ಖಾನೆಗೆ ನಡೆಯುತ್ತಿದ್ದ.

ಅವನ ವರ್ತನೆಯ ಒಂದು ಪ್ರಸಂಗವನ್ನು ಗಮನಿಸಿ. ಒಂದು ದಿನ ಕಾರ್ಖಾನೆಯಲ್ಲಿ ಅವನಿಗೆ ಪಕ್ಕೆನೋವು ಬಂತು. ಬಾಬ್ ಫೇಗಿನ್ ಎಂಬ ಜೊತೆಗಾರ ಹುಡುಗ ಖಾಲಿ ಮಸಿಶೀಶೆಗಳಲ್ಲಿ ಬಿಸಿನೀರು ತುಂಬಿ ಅರ್ಧ ದಿನ ಶಾಖ ಕೊಟ್ಟ. ಸಂಜೆ ಅವನನ್ನು ಮನೆಯವರೆಗೆ ಬಿಟ್ಟು ಬರುತ್ತೇನೆಂದು ಜೊತೆಗೂ ಹೊರಟ. ಎಂಥ ಒಳ್ಳೆಯ ಸ್ನೇಹ! ಆದರೆ ಚಾರ್ಲ್ಸ್‌ಗೆ ಜೀವವೇ ಹೋದಂತಾಯಿತು. ತನ್ನ ತಂದೆ ಸೆರೆಯಲ್ಲಿರುವುದು ಗೆಳೆಯನಿಗೆ ತಿಳಿದುಬಿಟ್ಟರೆ? ದಾರಿಯುದ್ದಕ್ಕೂ ಅವನನ್ನು ಸಾಗಹಾಕಲು ನೋಡಿದ, ಬಾಬ್ ಬಿಡಲಿಲ್ಲ. ಕೊನೆಗೆ ಸೇತುವೆಯ ಬಳಿಯ ಯಾವುದೋ ಒಂದು ಮನೆಯ ಮೆಟ್ಟಿಲ ಮೇಲೆ ನಿಂತು, ಇದೇ ನನ್ನ ಮನೆ ಎಂದು ಹೇಳಿ ಕೈಕುಲುಕಿ ಬೀಳ್ಕೊಟ್ಟ. ಗೆಳೆಯ ತಿರುಗಿ ನೋಡಿದರೆ ನಂಬಿಕೆ ಬರಲೆಂದು ಬಾಗಿಲನ್ನೂ ತಟ್ಟಿದ. ಬಾಗಿಲು ತೆರೆದ ಹೆಂಗಸನ್ನು, ಇದು ಬಾಬ್ ಫೇಗಿನ್ ಅವರ ಮನೆಯೇ ಎಂದು ಕೇಳಿದ.

ಪ್ರೀತಿಯಿಂದ ಬಂದ ಗೆಳೆಯನಿಂದಲೇ ಅಡಗಿಕೊಳ್ಳಬೇಕಾದ ಸ್ಥಿತಿ! ತಂದೆತಾಯಿ ಸೆರೆಯಲ್ಲಿರುವ ಹದಿಹರೆಯದ ಮಕ್ಕಳು ಶಾಲೆಯಲ್ಲಿ ಯಾರೊಡನೆಯೂ ಬೆರೆಯುವುದಿಲ್ಲ, ಸುಳ್ಳು ಹೇಳುತ್ತಾರೆ ಎಂದು ನಾವು ದೂರುವುದುಂಟು. ಆ ಸುಳ್ಳಿನ ಹಿಂದೆ ಎಷ್ಟು ಸಲ ಇಂಥದೊಂದು ಅಪರಿಚಿತ ಬಾಗಿಲಿದೆಯೋ ನಾವು ವಿಚಾರಿಸಿದ್ದೇವೆಯೇ?

ಮೇ ತಿಂಗಳ ಕೊನೆಯಲ್ಲಿ, ಸುಮಾರು ಮೂರು ತಿಂಗಳ ಸೆರೆಯ ಬಳಿಕ, ದಿವಾಳಿಯಾದ ಸಾಲಗಾರರಿಗಾಗಿ ಇದ್ದ ಕಾನೂನಿನ ಮೇರೆಗೆ ತಂದೆಯ ಬಿಡುಗಡೆಯಾಯಿತು. ಅದಕ್ಕೆ ಮೊದಲು ಹುಡುಗನ ಮೈಮೇಲಿನ ಬಟ್ಟೆಗೂ ಬೆಲೆ ಕಟ್ಟಬೇಕಾಗಿತ್ತು. ಕುಟುಂಬದ ಉಡುಪು ಮತ್ತು ಸ್ವಂತ ವಸ್ತುಗಳ ಒಟ್ಟು ಬೆಲೆ 20 ಪೌಂಡನ್ನು ಮೀರಬಾರದೆಂಬ ನಿಯಮವಿತ್ತು. ಅಧಿಕಾರಿಯ ಮುಂದೆ ನಿಂತ ಬಾಲಕನ ಜೇಬಿನಲ್ಲಿ ಅಜ್ಜಿ ಕೊಟ್ಟ ಹಳೆಯ ಬೆಳ್ಳಿ ಗಡಿಯಾರವಿತ್ತು. ಅದರಿಂದ ಬೆಲೆ ಎಲ್ಲಿ ಮಿತಿ ಮೀರುವುದೋ ಎಂದು ಅವನಿಗೆ ಅಳುಕಿತ್ತು.

ತಂದೆ ಹೊರಬಂದರೂ ಮಗನಿಗೆ ಬಿಡುಗಡೆಯಾಗಲಿಲ್ಲ. ಅವನು ಅದೇ ಕಾರ್ಖಾನೆಯಲ್ಲಿ ದುಡಿಯುತ್ತಲೇ ಇದ್ದ. ಫ್ಯಾನಿಗೆ ಸಂಗೀತ ಶಾಲೆಯಲ್ಲಿ ಬಹುಮಾನ ಬಂದ ದಿನ ಅವಳ ಏಳಿಗೆಗೆ ಅವನು ಕರುಬಲಿಲ್ಲ. ಆದರೆ ತಾನು ಬಿದ್ದ ಗುಂಡಿಯನ್ನು ನೆನೆದು ಅತ್ತು, ತನ್ನನ್ನು ಮೇಲೆತ್ತಬೇಕೆಂದು ರಾತ್ರಿ ದೇವರಲ್ಲಿ ಬೇಡಿಕೊಂಡ. ಕೊನೆಗೆ ತಂದೆಗೂ ಕಾರ್ಖಾನೆಯ ವ್ಯವಸ್ಥಾಪಕನಿಗೂ ಜಗಳವಾಗಿ ಕೆಲಸ ಬಿಟ್ಟುಹೋಯಿತು. ತಾಯಿ ರಾಜಿ ಮಾಡಿಸಿ ಮಗನನ್ನು ಮತ್ತೆ ಕಳುಹಿಸಲು ಹೊರಟಳು. ತಂದೆ ಒಪ್ಪಲಿಲ್ಲ. ಹುಡುಗ ಶಾಲೆಗೇ ಹೋಗಬೇಕೆಂದ. ಸೆರೆಗೆ ಹೋದ ತಂದೆಯೇ ಅವನ ಕೈಗೆ ಮತ್ತೆ ಪುಸ್ತಕ ಕೊಟ್ಟ ಎಂಬುದನ್ನು ನಾವು ಮರೆಯಬಾರದು.

ಚಾರ್ಲ್ಸ್ 1827ರವರೆಗೆ ವೆಲಿಂಗ್ಟನ್ ಹೌಸ್ ಎಂಬ ಶಾಲೆಯಲ್ಲಿ ಓದಿದ. ಮುಖ್ಯೋಪಾಧ್ಯಾಯನ ಬೆತ್ತಕ್ಕೆ ಬಿಡುವಿರಲಿಲ್ಲ, ಪಾಠ ಅಷ್ಟಕ್ಕಷ್ಟೇ. ಆದರೂ ಅದು ಶಾಲೆ. ಸಹಪಾಠಿಗಳ ನೆನಪಿನಲ್ಲಿ ಉಳಿದದ್ದು ಲವಲವಿಕೆಯ ಹುಡುಗ. ಅವನು ಕಂಡುಬಂದ ಕಷ್ಟದ ಸುಳಿವೇ ಅವರಿಗಿರಲಿಲ್ಲ. ಮನೆಯಲ್ಲೂ ತಂದೆತಾಯಿ ಆ ದಿನಗಳ ಬಗ್ಗೆ ಮತ್ತೆ ಒಂದು ಮಾತನ್ನೂ ಆಡಲಿಲ್ಲ.

ಆ ಮೌನ ಎಷ್ಟು ಕಾಲ ಬಾಳಿತೆಂದು ಕೇಳಿರಿ. ಚಾರ್ಲ್ಸ್ ಡಿಕನ್ಸ್ ಇಂಗ್ಲಿಷ್ ಭಾಷೆಯ ಬಹು ಜನಪ್ರಿಯ ಕಾದಂಬರಿಕಾರರಾದರು. 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ಕಾರ್ಖಾನೆಯ ಬಾಲಕನನ್ನೂ, 'ಲಿಟ್ಲ್ ಡಾರಿಟ್' ಕಾದಂಬರಿಯಲ್ಲಿ ಮಾರ್ಶಲ್ಸೀಯೊಳಗೇ ಹುಟ್ಟಿ ತಂದೆಯನ್ನು ಸಾಕಿದ ಮಗಳನ್ನೂ ಚಿತ್ರಿಸಿದರು. ಆದರೆ ಅದು ತಮ್ಮದೇ ಕಥೆಯೆಂದು ಆಪ್ತಮಿತ್ರ ಜಾನ್ ಫಾರ್ಸ್ಟರ್‌ಗೆ ಬಿಟ್ಟರೆ ಹೊರಗೆ ಹೇಳಲಿಲ್ಲ. 1869ರ ಕ್ರಿಸ್ಮಸ್ ಸಮಯದಲ್ಲಿ ಮಕ್ಕಳೊಡನೆ ನೆನಪಿನ ಆಟವಾಡುತ್ತಿದ್ದಾಗ ಅವರ ಬಾಯಿಂದ ಆ ಮಸಿ ಕಾರ್ಖಾನೆಯ ಹೆಸರೂ ವಿಳಾಸವೂ ಹೊರಬಿದ್ದವು. ತಂದೆಯ ದನಿಯಲ್ಲಿ ಏನೋ ಬದಲಾದದ್ದನ್ನು ಮಗ ಹೆನ್ರಿ ಗಮನಿಸಿದರೂ ಅರ್ಥ ಹೊಳೆಯಲಿಲ್ಲ. ಮರುವರ್ಷ ಡಿಕನ್ಸ್ ತೀರಿಕೊಂಡರು. ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಲೋಕ ನಿಜವನ್ನು ತಿಳಿಯಿತು. ಮೂರು ತಿಂಗಳ ಸೆರೆವಾಸಕ್ಕೆ ನಲವತ್ತೈದು ವರ್ಷಗಳ ಮೌನ!

ಹೆಸರನ್ನು ಕಳೆದುಕೊಂಡ ಸಹೋದರರು

ಎರಡನೆಯ ಮನೆಯೂ ಲಂಡನ್ನಿನದೇ. ಎಪ್ಪತ್ತು ವರ್ಷಗಳ ಅನಂತರದ್ದು. ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡ್ ಅವರಿಗೆ 1895ರ ಮೇ 25ರಂದು, ಅಂದಿನ ಕಾನೂನು ಅಪರಾಧವೆಂದು ಎಣಿಸುತ್ತಿದ್ದ ಪುರುಷರ ನಡುವಿನ ಸಂಬಂಧಕ್ಕಾಗಿ, ಎರಡು ವರ್ಷಗಳ ಕಠಿಣ ಸಜೆಯಾಯಿತು. ಹಿರಿಯ ಮಗ ಸಿರಿಲ್‌ಗೆ ಆಗ ಹತ್ತು ತುಂಬುತ್ತಿತ್ತು. ಕಿರಿಯ ವಿವಿಯನ್‌ಗೆ ಎಂಟು. ತೀರ್ಪಿಗೂ ಮೊದಲೇ ಸಾಲಗಾರರು ಮನೆಯ ವಸ್ತುಗಳನ್ನು ಹರಾಜು ಹಾಕಿಸಿದ್ದರು. ಅದರಲ್ಲಿ ಮಕ್ಕಳ ಆಟಿಕೆಗಳೂ ಹೋದವು. ಹುಡುಗರನ್ನು ಶಾಲೆ ಬಿಡಿಸಿ ಪರದೇಶಕ್ಕೆ ಕರೆದೊಯ್ದರು. ಅಲ್ಲಿಯೂ ಅಪಕೀರ್ತಿ ಬೆನ್ನಟ್ಟಿದಾಗ ತಾಯಿ ಕಾನ್‌ಸ್ಟನ್ಸ್ ಮಕ್ಕಳ ಹೆಸರಿನಿಂದ ವೈಲ್ಡ್ ಎಂಬುದನ್ನು ತೆಗೆದು ಹಾಲೆಂಡ್ ಎಂಬ ತನ್ನ ಕಡೆಯ ಕುಲನಾಮವನ್ನಿಟ್ಟಳು. ಹಳೆಯ ಹೆಸರನ್ನು ಎಂದೂ ಉಚ್ಚರಿಸಬಾರದೆಂದು ಮಕ್ಕಳಿಗೆ ಆಜ್ಞೆಯಾಯಿತು.

ವಿದೇಶದ ಶಾಲೆಯಲ್ಲಿದ್ದಾಗ ಒಂದು ದಿನ ಸಹೋದರರಿಗೆ ತಮ್ಮ ಕ್ರಿಕೆಟ್ ಉಡುಪಿನಲ್ಲಿ ಹಳೆಯ ಹೆಸರಿನ ಪಟ್ಟಿ ಉಳಿದಿರುವುದು ಕಂಡಿತು. ಯಾರಾದರೂ ನೋಡಿದರೆ? ಸಿರಿಲ್ ಒಂದು ಮರೆಗೆ ಹೋಗಿ ಚಾಕುವಿನಿಂದ ಆ ಪಟ್ಟಿಗಳನ್ನು ಆತುರಾತುರವಾಗಿ ಕಿತ್ತುಹಾಕಿದ. ವಿವಿಯನ್ ಈ ದೃಶ್ಯವನ್ನು ಮರೆಯಲಿಲ್ಲ. 1954ರಲ್ಲಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದರು. ಅಡಗಬೇಕೆಂಬುದು ಅವನಿಗೆ ಗೊತ್ತಿತ್ತು, ಏಕೆಂಬುದು ಗೊತ್ತಿರಲಿಲ್ಲ. ತಂದೆ ಮಾಡಿದ್ದೇನೆಂದು ಅವನಿಗೆ ತಿಳಿದದ್ದು ಹದಿನೆಂಟರ ಸುಮಾರಿಗೆ. ಹೇಳದಿದ್ದರೆ ಮಗುವಿಗೆ ನೋವಾಗುವುದಿಲ್ಲವೆಂದು ಹಿರಿಯರು ಭಾವಿಸಿದ್ದರು. ಆದರೆ ಕಾರಣ ತಿಳಿಯದ ಮಗು ನಿಜಕ್ಕಿಂತ ಘೋರವಾದುದನ್ನು ಕಲ್ಪಿಸಿಕೊಳ್ಳುತ್ತದೆ.

ಸಜೆಯ ನಂತರ ವೈಲ್ಡ್ ತಮ್ಮ ಮಕ್ಕಳ ಮುಖವನ್ನು ಮತ್ತೆ ಕಾಣಲಿಲ್ಲ. ತಾಯಿ 1898ರಲ್ಲಿ ಕಣ್ಮುಚ್ಚಿದಳು. ಮೊನಾಕೊ ದೇಶದ ಯೇಸುಸಭೆಯ ಶಾಲೆಯಲ್ಲಿ ಓದುವಾಗ ಕಥೋಲಿಕನಾದ ವಿವಿಯನ್, ಬಳಿಕ ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಶಾಲೆ ಸೇರಿದ, ಅದೂ ಯೇಸುಸಭೆಯದೇ. 1900ರಲ್ಲಿ ವೈಲ್ಡ್ ಪ್ಯಾರಿಸಿನಲ್ಲಿ ನಿಧನರಾದಾಗ ಆ ಸುದ್ದಿಯನ್ನು ಹದಿನಾಲ್ಕರ ಬಾಲಕನಿಗೆ ತಿಳಿಸಿದವರು ಅಲ್ಲಿಯ ಮುಖ್ಯಗುರುಗಳು. ತಂದೆ ಎಂದೋ ಸತ್ತಿದ್ದಾರೆಂದೇ ಹುಡುಗ ತಿಳಿದಿದ್ದ. ಒಂದೇ ತಂದೆಯನ್ನು ಎರಡು ಸಲ ಕಳೆದುಕೊಂಡಂತಾಯಿತು.

ಸಿರಿಲ್‌ಗೆ ಕಾರಣ ಬಹಳ ಮೊದಲೇ ತಿಳಿದಿತ್ತು. ಅವನು ಅದನ್ನು ತಮ್ಮನಿಗೂ ಹೇಳದೆ ಒಬ್ಬನೇ ಹೊತ್ತ. ಮನೆತನಕ್ಕೆ ಅಂಟಿದ ಕಳಂಕವನ್ನು ತೊಳೆಯುವುದೇ ತನ್ನ ಬಾಳಿನ ಗುರಿಯೆಂದು ನಿಶ್ಚಯಿಸಿ, ಓದಿನಲ್ಲಿಯೂ ಆಟದಲ್ಲಿಯೂ ತನ್ನನ್ನು ದಂಡಿಸಿಕೊಂಡು ಸೈನ್ಯಾಧಿಕಾರಿಯಾದ. 1915ರ ಮೇ ತಿಂಗಳಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗುಂಡಿಗೆ ಬಲಿಯಾದ. ತಂದೆ ಸೆರೆಯಲ್ಲಿರುವಾಗ ಎಲ್ಲ ಮಕ್ಕಳೂ ಓದಿನಲ್ಲಿ ಹಿಂದೆ ಬೀಳುವುದಿಲ್ಲ. ಕೆಲವರು ಎಲ್ಲರಿಗಿಂತ ಮುಂದೆ ಓಡುತ್ತಾರೆ. ಆ ಓಟವನ್ನು ಕಂಡು ಮೆಚ್ಚುವ ಶಿಕ್ಷಕರು, ಹುಡುಗ ಏನನ್ನು ಬಿಟ್ಟು ಓಡುತ್ತಿದ್ದಾನೆಂದೂ ಒಮ್ಮೆ ಕೇಳಬೇಕು.

ಸೆರೆಯಿಂದ ಬಂದ ಪತ್ರಗಳು

ಮೂರನೆಯ ಮನೆ ನಮ್ಮ ದೇಶದ್ದೇ. ಅಲಹಾಬಾದಿನ ಆನಂದ ಭವನ. 1921ರ ಡಿಸೆಂಬರಿನಲ್ಲಿ ಮೋತಿಲಾಲ್ ನೆಹರೂ ಮತ್ತು ಜವಾಹರಲಾಲ್ ನೆಹರೂ ಮೊದಲ ಬಾರಿಗೆ ಬಂಧಿತರಾದಾಗ ನಾಲ್ಕು ವರ್ಷದ ಇಂದಿರಾ ವಿಚಾರಣೆಯ ವೇಳೆ ಅಜ್ಜನ ತೊಡೆಯ ಮೇಲೆ ಕುಳಿತಿದ್ದಳು. ದಂಡ ಕಟ್ಟಲು ಮನೆಯವರು ಒಪ್ಪದ ಕಾರಣ ಪೊಲೀಸರು ಬಂದು ರತ್ನಗಂಬಳಿ, ಪೀಠೋಪಕರಣಗಳನ್ನು ಹೊತ್ತೊಯ್ದರು. ಲಂಡನ್ನಿನ ಆ ಮನೆಯಂತೆ ಇಲ್ಲಿಯೂ ಸಾಮಾನು ಹೋಯಿತು. ಆದರೆ ಇಲ್ಲಿ ಯಾರೂ ತಲೆ ತಗ್ಗಿಸಲಿಲ್ಲ. ಸೆರೆಗೆ ಹೋಗುವುದು ಗೌರವದ ಮಾತಾಗಿತ್ತು. ತಂದೆಯ ಉದ್ಯೋಗವೇನೆಂದು ಕೇಳಿದರೆ ಆ ಬಾಲಕಿ ತಲೆಯೆತ್ತಿ ಉತ್ತರಿಸಬಹುದಾಗಿತ್ತು.

ಹಾಗಾದರೆ ಅವಳಿಗೆ ನಷ್ಟವಾಗಲಿಲ್ಲವೇ? ಅವಳ ಶಾಲೆಗಳ ಪಟ್ಟಿಯನ್ನು ನೋಡಿದರೆ ಸಾಕು. ಅಲಹಾಬಾದಿನ ಕಾನ್ವೆಂಟ್, ತಾಯಿಯ ಚಿಕಿತ್ಸೆಗೆಂದು ಹೋದಾಗ ಜಿನೀವಾ, ಮತ್ತೆ ಅಲಹಾಬಾದ್, ಬಳಿಕ ಪುಣೆಯ ವಸತಿ ಶಾಲೆ, 1934ರಲ್ಲಿ ಶಾಂತಿನಿಕೇತನ, ಮುಂದೆ ಇಂಗ್ಲೆಂಡ್. 1931ರ ಮೊದಲ ದಿನವೇ ತಾಯಿ ಕಮಲಾ ಅವರ ಬಂಧನವೂ ಆಯಿತು. ತಂದೆ ಆಗಲೇ ಸೆರೆಯಲ್ಲಿದ್ದರು. ಹದಿಮೂರರ ಬಾಲಕಿಗೆ ಮನೆಯಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಮರುತಿಂಗಳು ಅಜ್ಜ ತೀರಿಕೊಂಡರು. ಕಾಯಿಲೆಯ ತಾಯಿಯೊಡನೆ ಯುರೋಪಿಗೆ ಹೊರಡಬೇಕಾಗಿ ಬಂದಾಗ ಶಾಂತಿನಿಕೇತನವನ್ನು ಒಂದು ವರ್ಷವೂ ತುಂಬದೆ ಬಿಟ್ಟಳು. 1936ರಲ್ಲಿ ತಾಯಿಯೂ ಇಲ್ಲವಾದರು. ಮುಂದೆ ಆಕ್ಸ್‌ಫರ್ಡ್ ಸೇರಿದರೂ ಪದವಿ ಪಡೆಯಲಾಗಲಿಲ್ಲ. ಸೆರೆವಾಸಕ್ಕೆ ಗೌರವವಿದ್ದರೂ ಒಂಟಿತನ ಒಂಟಿತನವೇ.

ಆದರೂ ಒಂದು ವ್ಯತ್ಯಾಸವಿತ್ತು. 1930ರ ಅಕ್ಟೋಬರಿನಲ್ಲಿ, ಮಗಳ ಹುಟ್ಟುಹಬ್ಬಕ್ಕೆ ಉಡುಗೊರೆ ಕಳುಹಿಸಲಾಗದ ತಂದೆ ನೈನಿ ಸೆರೆಮನೆಯಿಂದ ಒಂದು ಪತ್ರ ಬರೆದರು. 1933ರ ಆಗಸ್ಟಿನವರೆಗೆ ಹಲವು ಸೆರೆಮನೆಗಳಲ್ಲಿ ಕುಳಿತು ಬರೆದ ಅಂಥ ಸುಮಾರು 200 ಪತ್ರಗಳು ಮುಂದೆ ಜಗತ್ತಿನ ಇತಿಹಾಸವನ್ನು ಹೇಳುವ ದೊಡ್ಡ ಗ್ರಂಥವಾದವು. ಸೆರೆಮನೆಯ ನಿಯಮಗಳಿಂದಾಗಿ ಎಲ್ಲ ಪತ್ರಗಳೂ ಆಗಿಂದಾಗ್ಗೆ ಮಗಳ ಕೈಸೇರುತ್ತಿರಲಿಲ್ಲ. ಆದರೂ ತಂದೆ ತನ್ನೊಡನೆ ಮಾತನಾಡುತ್ತಿದ್ದಾನೆ, ತನ್ನಿಂದ ಏನನ್ನೂ ಮುಚ್ಚಿಡುತ್ತಿಲ್ಲ ಎಂಬ ಭರವಸೆ ಅವಳಿಗಿತ್ತು. ಪುಣೆಯ ಶಾಲೆಯನ್ನು ನಡೆಸುತ್ತಿದ್ದ ಜಹಾಂಗೀರ್ ವಕೀಲ್ ದಂಪತಿಗಳು ಅವಳ ಮನೆತನವನ್ನು ಬಲ್ಲವರು. ಅಲ್ಲಿ ಅವಳು ಯಾರಿಗೂ ಸುಳ್ಳು ಹೇಳಬೇಕಾಗಿರಲಿಲ್ಲ.

ಇಂಥ ಪತ್ರಗಳೂ ಇಂಥ ಶಾಲೆಗಳೂ ಎಲ್ಲರಿಗೆ ಎಲ್ಲಿಂದ ಬರಬೇಕು? ಅದೇ ಕಾಲದಲ್ಲಿ ನಮ್ಮ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳ ರೈತರು ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡು ಸೆರೆಮನೆ ಸೇರಿದರು. ಹೋರಾಟಗಾರರ ಹೆಸರುಗಳನ್ನು ನಾವು ಶಿಲೆಯಲ್ಲಿ ಕೆತ್ತಿಸಿದ್ದೇವೆ. ಮನೆಯಲ್ಲಿ ಉಳಿದ ಅವರ ಮಕ್ಕಳ ಹೆಸರಿಗೆ ಯಾವ ಶಿಲೆಯೂ ಇಲ್ಲ.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಈ ಮೂರು ಮನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದಿಷ್ಟು: ತಂದೆ ಅಥವಾ ತಾಯಿಯನ್ನು ಮಗುವಿನಿಂದ ದೂರಮಾಡುವುದು ಸೆರೆಮನೆಯ ಗೋಡೆ. ಅದನ್ನು ಒಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಗೋಡೆಯ ಹೊರಗೆ ನಾವು ಇನ್ನೊಂದು ಗೋಡೆಯನ್ನು ಕಟ್ಟುತ್ತೇವೆ. ಅದು ನಾಚಿಕೆಯ ಮತ್ತು ಮೌನದ ಗೋಡೆ. ಡಿಕನ್ಸ್‌ನ ತಂದೆ ಮೂರು ತಿಂಗಳಲ್ಲಿ ಹೊರಬಂದರು. ಈ ಎರಡನೆಯ ಗೋಡೆಯಿಂದ ಮಗ ಸಾಯುವವರೆಗೂ ಪೂರ್ತಿಯಾಗಿ ಹೊರಬರಲಿಲ್ಲ. ಈ ಗೋಡೆಯನ್ನು ಕಟ್ಟಿದವರು ನಾವೇ ಆದ್ದರಿಂದ ಕೆಡಹುವುದೂ ನಮಗೆ ಸಾಧ್ಯ.

ಇಂದು ನಮ್ಮ ದೇಶದಲ್ಲಿ ತಾಯಿ ಸೆರೆಯಲ್ಲಿದ್ದರೆ ಮಗು ಆರು ವರ್ಷ ತುಂಬುವವರೆಗೆ ಅವಳೊಡನೆ ಇರಬಹುದು. ಸರ್ವೋಚ್ಚ ನ್ಯಾಯಾಲಯ 2006ರ ತೀರ್ಪೊಂದರಲ್ಲಿ ಇಂಥ ಮಕ್ಕಳ ಊಟ, ಆರೋಗ್ಯ, ಶಿಕ್ಷಣಕ್ಕೆ ಮಾರ್ಗಸೂಚಿಗಳನ್ನು ನೀಡಿತು. ಹದಿಮೂರು ಹದಿನಾಲ್ಕರ ಮಕ್ಕಳು ಹೊರಗೇ ಇರುತ್ತಾರೆ. ಅಜ್ಜಿಯ ಮನೆಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ನಮ್ಮ ಧರ್ಮೋಪದೇಶದ ತರಗತಿಯ ಕೊನೆಯ ಬೆಂಚಿನಲ್ಲಿ. ದುಡಿಯುವ ಕೈ ಒಳಗಿರುವಾಗ ಮನೆಯ ಹಿರಿಯ ಮಗನೋ ಮಗಳೋ ಶಾಲೆ ಬಿಡುವುದು 1824ರ ಲಂಡನ್ನಿನ ಕಥೆ ಮಾತ್ರವಲ್ಲ.

ಇದಕ್ಕೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಶುಲ್ಕ ಬಾಕಿಯಾದಾಗ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸದಿರೋಣ. ತಂದೆಯನ್ನು ನೋಡಲು ಹೋದ ದಿನದ ಗೈರುಹಾಜರಿಗೆ ಎಲ್ಲರೆದುರು ಕಾರಣ ಕೇಳದಿರೋಣ. ಜೈಲಿರುವ ಊರಿಗೆ ಹೋಗಿಬರುವ ಬಸ್ಸಿನ ಖರ್ಚು ಎಷ್ಟೋ ಮನೆಗಳಿಗೆ ಭಾರವಾಗಿರುತ್ತದೆ. ನೆರೆಹೊರೆಯ ನಾಲ್ಕು ಕುಟುಂಬಗಳು ಸೇರಿದರೆ ಅದು ಭಾರವೇ ಅಲ್ಲ. ಪತ್ರ ಬರೆಯಲು ಮಗುವಿಗೆ ಹೇಳಿಕೊಡೋಣ. ನಿಜವನ್ನು ಅದರ ವಯಸ್ಸಿಗೆ ತಕ್ಕಂತೆ, ಅದು ನಂಬುವವರ ಬಾಯಿಂದಲೇ ತಿಳಿಸೋಣ. ಎಲ್ಲಕ್ಕಿಂತ ಮುಖ್ಯವಾಗಿ, ತಂದೆಯ ತಪ್ಪನ್ನು ಮಗುವಿಗೆ ಅಡ್ಡಹೆಸರಾಗಿ ಇಡದಂತೆ ನಮ್ಮ ಮಕ್ಕಳಿಗೂ, ನಮಗೂ ಬುದ್ಧಿ ಹೇಳಿಕೊಳ್ಳೋಣ. ಅಪರಾಧದಿಂದ ನೊಂದವರಿಗೆ ನ್ಯಾಯ ಸಿಗಲೇಬೇಕು. ಆದರೆ ಆ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿಯ ಪುಸ್ತಕವನ್ನು ಕಿತ್ತುಕೊಂಡರೆ ಯಾರಿಗೂ ನ್ಯಾಯ ಸಿಕ್ಕಂತಾಗುವುದಿಲ್ಲ.

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಾವು ಚಿಕ್ಕಂದಿನಿಂದಲೇ ಬಾಯಿಪಾಠ ಮಾಡಿದ್ದೇವೆ. ಆ ಸಂದರ್ಶನ ಜೈಲಿನ ಹೆಬ್ಬಾಗಿಲಿಗೆ ಮೀಸಲಾಗಬೇಕಿಲ್ಲ. ಕೈದಿಯ ಮನೆಯ ಬಾಗಿಲಲ್ಲೂ ಅದು ಆರಂಭವಾಗಬಹುದು. ನಾನು ಅಂದು ನಡೆದುಹೋಗದ ದಾರಿ ಎರಡು ಮೈಲಿಯೂ ಇರಲಿಲ್ಲ. ಆ ಹುಡುಗ ಈಗೆಲ್ಲಿದ್ದಾನೋ ನನಗೆ ತಿಳಿಯದು. ಬದುಕಿದ್ದರೆ ಅವನಿಗೂ ಮಕ್ಕಳಿರಬಹುದು. ಅವರ ಶಾಲೆಯ ಅರ್ಜಿಯಲ್ಲಿ ಆ ಸಾಲನ್ನು ಅವನು ನೆಮ್ಮದಿಯಿಂದ ತುಂಬಿರಲಿ ಎಂದು ಬೇಡಿಕೊಳ್ಳುತ್ತೇನೆ. ಮುಂದಿನ ಜೂನಿನಲ್ಲಿ ನಿಮ್ಮ ಪಕ್ಕದಲ್ಲಿ ನಿಂತ ಮಗುವಿನ ಕಾಗದದಲ್ಲಿ ಅಂಥದೊಂದು ಖಾಲಿ ಸಾಲು ಕಂಡರೆ, ದಯವಿಟ್ಟು ಅಲ್ಲಿ ಏನನ್ನೂ ಕೇಳಬೇಡಿ. ಸಂಜೆ ಅದರ ಮನೆಯವರೆಗೆ ಒಮ್ಮೆ ನಡೆದು ಬನ್ನಿ.